ವಿಲ್ಹೆಲ್ಮ್ ಬ್ಯೆರ್ಕ್‌ನೆಸ್ (1862-1951) : ವಾಯುರಾಶಿಗಳ ಗಡಿಯನ್ನು ಗುರುತಿಸಿದ ಹವಾಮಾನ ವಿಜ್ಞಾನಿ

ಪೀಠಿಕೆ

ಮಳೆ ಪ್ರಮಾಣದ ವಿವರ, ಬೆಳೆ ಹಾನಿ ಹಾಗೂ ಬೆಳೆ ವಿಮೆಗೆ ಸಂಬಂಧಿಸಿದ ಅರ್ಜಿಗಳನ್ನು ಸಲ್ಲಿಸಲು ಬರುವ ಸಾರ್ವಜನಿಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಮಳೆಯಾಗುವುದೆಂದು ಪ್ರಕಟವಾದ ದಿನ ತಮ್ಮ ಹೋಬಳಿಯಲ್ಲಿ ಒಂದು ಹನಿಯೂ ಬೀಳಲಿಲ್ಲ, ಹೀಗಿರುವಾಗ ಮುನ್ಸೂಚನೆ ನೀಡುವವರು ಯಾವ ಆಧಾರದ ಮೇಲೆ ನೀಡುತ್ತಾರೆ ಎಂಬುದೇ ಆ ಪ್ರಶ್ನೆ. ಕೌಂಟರಿನಲ್ಲಿ ನಿಂತವರಿಗೆ ಒಂದೆರಡು ಮಾತಿನಲ್ಲಿ ಇದಕ್ಕೆ ಉತ್ತರಿಸುವುದು ಸಾಧ್ಯವಾಗುವುದಿಲ್ಲ. ಆದುದರಿಂದ, ಮುನ್ಸೂಚನೆಯ ಆಧಾರವನ್ನು ಹಾಕಿಕೊಟ್ಟವರಲ್ಲಿ ಪ್ರಮುಖರಾದ ನಾರ್ವೆ ದೇಶದ ವಿಜ್ಞಾನಿ ವಿಲ್ಹೆಲ್ಮ್ ಬ್ಯೆರ್ಕ್‌ನೆಸ್ ಅವರ ಜೀವನ ಮತ್ತು ಕಾರ್ಯವನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಕೆಳಗೆ ನೀಡಲಾಗಿದೆ. ವಿಜ್ಞಾನದ ವಿದ್ಯಾರ್ಥಿಗಳಲ್ಲದವರಿಗೂ ಅರ್ಥವಾಗುವಂತೆ ಇದನ್ನು ಸಿದ್ಧಪಡಿಸಲು ಪ್ರಯತ್ನಿಸಲಾಗಿದೆ. ಸಿದ್ಧಪಡಿಸಿದವರೂ ವಾಣಿಜ್ಯ ಪದವೀಧರರೇ ಆಗಿರುವುದರಿಂದ ಇದು ಹೆಚ್ಚೇನೂ ಕಷ್ಟವಾಗಲಿಲ್ಲ.

ಜನನ ಮತ್ತು ವಿದ್ಯಾಭ್ಯಾಸ

ವಿಲ್ಹೆಲ್ಮ್ ಬ್ಯೆರ್ಕ್‌ನೆಸ್ ಅವರು ದಿನಾಂಕ 14 ಮಾರ್ಚ್ 1862ರಂದು ನಾರ್ವೆಯ ಕ್ರಿಸ್ಟಿಯಾನಿಯಾ ನಗರದಲ್ಲಿ ಜನಿಸಿದರು. ಈ ನಗರಕ್ಕೆ 1925ರಲ್ಲಿ ಓಸ್ಲೋ ಎಂದು ಮರುನಾಮಕರಣ ಮಾಡಲಾಯಿತು. ತಂದೆ ಕಾರ್ಲ್ ಆಂಟನ್ ಬ್ಯೆರ್ಕ್‌ನೆಸ್ ಅವರು ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. ನೀರಿನಲ್ಲಿ ಮುಳುಗಿಸಿದ ಎರಡು ಗೋಳಗಳು ಒಂದೇ ತಾಳದಲ್ಲಿ ಹಿಗ್ಗಿ ಕುಗ್ಗಿದರೆ ಪರಸ್ಪರ ಆಕರ್ಷಿಸುತ್ತವೆ, ವಿರುದ್ಧ ತಾಳದಲ್ಲಿ ಹಿಗ್ಗಿ ಕುಗ್ಗಿದರೆ ದೂರ ಸರಿಯುತ್ತವೆ ಎಂಬುದನ್ನು ಅವರು ಲೆಕ್ಕಾಚಾರದಿಂದ ಕಂಡುಕೊಂಡಿದ್ದರು. ವಿದ್ಯುತ್ ಮತ್ತು ಕಾಂತ ಶಕ್ತಿಗಳನ್ನೂ ಇದೇ ರೀತಿ ವಿವರಿಸಬಹುದೆಂಬುದು ಅವರ ನಂಬಿಕೆಯಾಗಿತ್ತು. ಕೈಕೆಲಸದಲ್ಲಿ ಚುರುಕಾಗಿದ್ದ ಮಗ ಬಾಲ್ಯದಿಂದಲೇ ತಂದೆಯ ಪ್ರಯೋಗಗಳಿಗೆ ಬೇಕಾದ ಉಪಕರಣಗಳನ್ನು ಜೋಡಿಸಿಕೊಡುತ್ತಿದ್ದನು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಏರ್ಪಟ್ಟ ಅಂತರರಾಷ್ಟ್ರೀಯ ವಿದ್ಯುತ್ ಪ್ರದರ್ಶನದಲ್ಲಿ ತಂದೆ ಮತ್ತು ಮಗ ಈ ಪ್ರಯೋಗಗಳನ್ನು ತೋರಿಸಿ ಮನ್ನಣೆಗೆ ಪಾತ್ರರಾದರು. ಆಗ ಮಗನ ವಯಸ್ಸು 19 ವರ್ಷ.

ಪದವಿ ಶಿಕ್ಷಣದ ನಂತರ 1889ರಲ್ಲಿ ಪ್ಯಾರಿಸ್ಸಿಗೆ ತೆರಳಿ ಗಣಿತಜ್ಞ ಹೆನ್ರಿ ಪ್ವಾಂಕರೆ ಅವರ ಉಪನ್ಯಾಸಗಳನ್ನು ಕೇಳಿದರು. ತದನಂತರ ಜರ್ಮನಿಯ ಬಾನ್ ನಗರದಲ್ಲಿ, ವಿದ್ಯುತ್ಕಾಂತ ಅಲೆಗಳನ್ನು ಪ್ರಯೋಗದಿಂದ ತೋರಿಸಿಕೊಟ್ಟ ಹೈನ್ರಿಷ್ ಹರ್ಟ್ಜ್ ಅವರ ಬಳಿ ಸಹಾಯಕರಾಗಿ ಕೆಲಸ ಮಾಡಿದರು. 1892ರಲ್ಲಿ ಡಾಕ್ಟರೇಟ್ ಪದವಿ ಪಡೆದು, 1893ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ ಉಪನ್ಯಾಸಕರಾಗಿ ನೇಮಕಗೊಂಡು, 1895ರಲ್ಲಿ ಪ್ರಾಧ್ಯಾಪಕರಾದರು. ಇಷ್ಟರವರೆಗೆ ಶ್ರೀಯುತರಿಗೂ ಹವಾಮಾನಕ್ಕೂ ಯಾವುದೇ ಸಂಬಂಧವಿರಲಿಲ್ಲ ಎಂಬುದು ಗಮನಾರ್ಹ.

ಭೌತವಿಜ್ಞಾನದಿಂದ ಹವಾಮಾನದ ಕಡೆಗೆ

ತಂದೆಯ ಸಿದ್ಧಾಂತವನ್ನು ಪೂರ್ಣಗೊಳಿಸುವ ಉದ್ದೇಶದಿಂದಲೇ ಅವರು ದ್ರವಗಳ ಚಲನೆಯ ಅಧ್ಯಯನವನ್ನು ಮುಂದುವರಿಸಿದ್ದರು. ಅಂದಿನ ಪಾಠದಂತೆ, ಘರ್ಷಣೆಯಿಲ್ಲದ ದ್ರವದಲ್ಲಿ ಸುಳಿ ಎಂಬುದು ಹೊಸದಾಗಿ ಹುಟ್ಟುವುದೂ ಇಲ್ಲ, ಇದ್ದದ್ದು ನಾಶವಾಗುವುದೂ ಇಲ್ಲ. ಆದರೆ ಈ ನಿಯಮವು ಸಾಂದ್ರತೆ ಕೇವಲ ಒತ್ತಡವನ್ನು ಅವಲಂಬಿಸಿದ್ದಾಗ ಮಾತ್ರ ಅನ್ವಯಿಸುತ್ತದೆ. ಗಾಳಿಯ ಸಾಂದ್ರತೆಯು ಉಷ್ಣಾಂಶವನ್ನೂ, ಸಮುದ್ರದ ನೀರಿನ ಸಾಂದ್ರತೆಯು ಉಪ್ಪಿನ ಅಂಶವನ್ನೂ ಅವಲಂಬಿಸಿರುತ್ತದೆ. ಹಾಗಿದ್ದಲ್ಲಿ ಬಿಸಿ ಹಾಗೂ ತಂಪು ಗಾಳಿ ಅಕ್ಕಪಕ್ಕದಲ್ಲಿರುವ ಕಡೆಗಳಲ್ಲಿ ಸುಳಿಗಳು ತಾವಾಗಿಯೇ ಹುಟ್ಟಲೇಬೇಕು. ಕಡಲ ತೀರದಲ್ಲಿ ಹಗಲು ಸಮುದ್ರದಿಂದಲೂ ರಾತ್ರಿ ನೆಲದಿಂದಲೂ ಗಾಳಿ ಬೀಸುವುದು ಇದಕ್ಕೆ ಎಲ್ಲರೂ ಬಲ್ಲ ನಿದರ್ಶನ. ಬ್ಯೆರ್ಕ್‌ನೆಸ್ ಅವರು 1898ರಲ್ಲಿ ಪ್ರಕಟಿಸಿದ ಪರಿಚಲನೆಯ ಪ್ರಮೇಯವು ಇಂತಹ ಸುಳಿಯ ಬಲವನ್ನು ಲೆಕ್ಕ ಹಾಕುವ ಕ್ರಮವನ್ನು ತೋರಿಸಿಕೊಟ್ಟಿತು.

ಇದರ ಉಪಯೋಗವನ್ನು ಅವರಿಗಿಂತ ಮೊದಲು ಮನಗಂಡವರು ಸ್ಟಾಕ್‌ಹೋಮಿನ ಸಹೋದ್ಯೋಗಿಗಳು. ಹವಾಮಾನ ತಜ್ಞ ನಿಲ್ಸ್ ಎಕ್‌ಹೋಮ್ ಅವರು ಆಂದ್ರೆ ಎಂಬ ಎಂಜಿನಿಯರ್‌ರೊಂದಿಗೆ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೋಗಬೇಕಿದ್ದವರು. ಬಲೂನಿನಿಂದ ಅನಿಲ ಸೋರುತ್ತಿರುವುದನ್ನು ಗಮನಿಸಿ ಹಿಂದೆ ಸರಿದಿದ್ದರು. 1897ರಲ್ಲಿ ಹೊರಟ ಆಂದ್ರೆ ಮತ್ತು ಇಬ್ಬರು ಸಂಗಡಿಗರು ಹಿಂದಿರುಗಲೇ ಇಲ್ಲ. ಅವರ ಅವಶೇಷಗಳು ದೊರೆತದ್ದು 1930ರಲ್ಲಿ. ಮೇಲಿನ ಗಾಳಿಯ ದಿಕ್ಕನ್ನು ಮುಂಚಿತವಾಗಿ ತಿಳಿಯುವುದು ಸ್ಟಾಕ್‌ಹೋಮಿನಲ್ಲಿ ಆಗ ಕೇವಲ ಪುಸ್ತಕದ ವಿಷಯವಾಗಿರಲಿಲ್ಲ. ಮತ್ತೊಂದೆಡೆ, ಸ್ವೀಡನ್ನಿನ ಕರಾವಳಿಗೆ ಹೆರಿಂಗ್ ಮೀನಿನ ಹಿಂಡುಗಳು ಬರುವುದು ಮತ್ತು ಬಾರದಿರುವುದು ಸಮುದ್ರ ಪ್ರವಾಹಗಳಿಗೆ ಸಂಬಂಧಿಸಿದೆ ಎಂದು ಆಟೋ ಪೆಟರ್ಸನ್ ಅವರು ಅಧ್ಯಯನ ನಡೆಸುತ್ತಿದ್ದರು. ಇಂತಹವರ ಒತ್ತಾಯದಿಂದ ಬ್ಯೆರ್ಕ್‌ನೆಸ್ ಅವರ ಗಮನ ವಾತಾವರಣದ ಕಡೆಗೆ ಹೊರಳಿತು.

1904ರ ಯೋಜನೆ

ಆ ಕಾಲದಲ್ಲಿಯೂ ಹಲವು ದೇಶಗಳಲ್ಲಿ ಹವಾಮಾನ ಇಲಾಖೆಗಳಿದ್ದವು. ಭಾರತ ಹವಾಮಾನ ಇಲಾಖೆಯು 1875ರಲ್ಲಿಯೇ ಸ್ಥಾಪನೆಯಾಗಿತ್ತು. ತಂತಿ ಮೂಲಕ ಬಂದ ವಾಯುಭಾರದ ಅಂಕಿಗಳನ್ನು ನಕ್ಷೆಯಲ್ಲಿ ತುಂಬಿ, ಹಿಂದೆ ಇಂತಹದೇ ನಕ್ಷೆ ಬಂದಾಗ ಏನಾಗಿತ್ತೆಂಬ ನೆನಪಿನ ಮೇಲೆ ಮುನ್ಸೂಚನೆ ನೀಡುವುದು ಸಾಮಾನ್ಯ ಪದ್ಧತಿಯಾಗಿತ್ತು. ಅನುಭವಿಗಳು ಇದರಲ್ಲಿ ತಕ್ಕಮಟ್ಟಿಗೆ ಯಶಸ್ವಿಯಾಗುತ್ತಿದ್ದರಾದರೂ ಅದನ್ನು ಮತ್ತೊಬ್ಬರಿಗೆ ಕಲಿಸಿಕೊಡುವ ನಿಯಮಗಳಿರಲಿಲ್ಲ.

1904ರಲ್ಲಿ ಬ್ಯೆರ್ಕ್‌ನೆಸ್ ಅವರು ಜರ್ಮನ್ ಹವಾಮಾನ ಪತ್ರಿಕೆಯೊಂದರಲ್ಲಿ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ನಾಳಿನ ಹವಾಮಾನ ತಿಳಿಯಲು ಎರಡು ವಿಷಯಗಳು ಸಾಕು : ಇಂದಿನ ವಾತಾವರಣದ ಸ್ಥಿತಿ ಸರಿಯಾಗಿ ತಿಳಿದಿರಬೇಕು, ಆ ಸ್ಥಿತಿ ಬದಲಾಗುವ ನಿಯಮಗಳು ಸರಿಯಾಗಿ ತಿಳಿದಿರಬೇಕು. ಸ್ಥಿತಿಯನ್ನು ಹೇಳಲು ಒತ್ತಡ, ಉಷ್ಣಾಂಶ, ಸಾಂದ್ರತೆ, ಆರ್ದ್ರತೆ ಹಾಗೂ ಗಾಳಿಯ ವೇಗದ ಮೂರು ಘಟಕಗಳು, ಹೀಗೆ ಒಟ್ಟು 7 ಅಂಶಗಳು ಬೇಕು. ಭೌತಶಾಸ್ತ್ರದಲ್ಲಿ ಅದಕ್ಕೆ ಸರಿಯಾಗಿ 7 ಸಮೀಕರಣಗಳು ಲಭ್ಯವಿವೆ. ಲೆಕ್ಕಪತ್ರ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಂದಿನ ಸ್ಥಿತಿಯು ಆರಂಭ ಶಿಲ್ಕು; ಸಮೀಕರಣಗಳು ಜಮಾ ಮತ್ತು ಖರ್ಚಿನ ನಿಯಮಗಳು; ನಾಳಿನ ಹವಾಮಾನ ಅಂತಿಮ ಶಿಲ್ಕು. ಆರಂಭ ಶಿಲ್ಕು ತಪ್ಪಿದ್ದಲ್ಲಿ ಮುಂದಿನ ಎಲ್ಲ ಪುಟಗಳೂ ತಪ್ಪಾಗುತ್ತವೆ. ಬ್ಯೆರ್ಕ್‌ನೆಸ್ ಅವರ ಮುಂದಿನ ನಲವತ್ತು ವರ್ಷಗಳ ಕಷ್ಟವೆಲ್ಲ ಈ ಆರಂಭ ಶಿಲ್ಕಿನದೇ ಎಂದರೂ ತಪ್ಪಾಗಲಾರದು.

1905ರಲ್ಲಿ ಅವರು ಅಮೆರಿಕಕ್ಕೆ ಭೇಟಿ ನೀಡಿ ಈ ಯೋಜನೆಯನ್ನು ವಿವರಿಸಿದರು. ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯು 1906ರಿಂದ ವಾರ್ಷಿಕ ಅನುದಾನ ಮಂಜೂರು ಮಾಡಿತು. ಈ ಅನುದಾನವು 1941ರವರೆಗೂ ಮುಂದುವರಿಯಿತು. ಪ್ರತಿಭಾವಂತ ತರುಣರನ್ನು ಸಹಾಯಕರನ್ನಾಗಿ ನೇಮಿಸಿಕೊಳ್ಳಲು ಅವರು ಈ ಹಣವನ್ನು ಬಳಸಿದರು. 1907ರಲ್ಲಿ ಸ್ವದೇಶಕ್ಕೆ ಮರಳಿ ಕ್ರಿಸ್ಟಿಯಾನಿಯಾದಲ್ಲಿ ಪ್ರಾಧ್ಯಾಪಕರಾದರು. 1910 ಮತ್ತು 1911ರಲ್ಲಿ ಸಹಾಯಕರೊಂದಿಗೆ ಬರೆದ ಗ್ರಂಥದ ಎರಡು ಸಂಪುಟಗಳು ಪ್ರಕಟವಾದವು.

ಲೈಪ್‌ಜಿಗ್ : ಯುದ್ಧದ ವರ್ಷಗಳು

1913ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯವು ಹೊಸದಾಗಿ ಭೂಭೌತ ಸಂಸ್ಥೆಯನ್ನು ಆರಂಭಿಸಿ ಬ್ಯೆರ್ಕ್‌ನೆಸ್ ಅವರನ್ನು ನಿರ್ದೇಶಕರನ್ನಾಗಿ ಆಹ್ವಾನಿಸಿತು. ಕಟ್ಟಡ, ಸಹಾಯಕರು, ವಿದ್ಯಾರ್ಥಿಗಳು, ಎಲ್ಲವೂ ದೊರೆತವು. ಮರು ವರ್ಷವೇ ಮೊದಲನೆಯ ಮಹಾಯುದ್ಧ ಪ್ರಾರಂಭವಾಯಿತು. ಜರ್ಮನ್ ವಿದ್ಯಾರ್ಥಿಗಳು ಮತ್ತು ಸಹಾಯಕರು ಒಬ್ಬೊಬ್ಬರಾಗಿ ಸೈನ್ಯಕ್ಕೆ ಸೇರಬೇಕಾಯಿತು. ಅವರಲ್ಲಿ ಹರ್ಬರ್ಟ್ ಪೆಟ್ಸೋಲ್ಡ್ ಎಂಬ ಸಂಶೋಧನಾ ವಿದ್ಯಾರ್ಥಿಯು, ನಕ್ಷೆಯ ಮೇಲೆ ಎರಡು ಕಡೆಯ ಗಾಳಿಗಳು ಬಂದು ಕೂಡುವ ಗೆರೆಗಳ ಬಗ್ಗೆ ಅಧ್ಯಯನ ಆರಂಭಿಸಿದ್ದನು. 1916ರಲ್ಲಿ ವರ್ಡನ್ ಕದನದಲ್ಲಿ ಆತನು ಮೃತಪಟ್ಟನು. ಆ ಕಾಗದಪತ್ರಗಳನ್ನು ಕೈಗೆತ್ತಿಕೊಂಡು ಕೆಲಸ ಮುಂದುವರಿಸಿದ್ದು ಬ್ಯೆರ್ಕ್‌ನೆಸ್ ಅವರ ಮಗ ಯಾಕೋಬ್. 1897ರಲ್ಲಿ ಜನಿಸಿದ ಯಾಕೋಬ್‌ಗೆ ಆಗ ಇನ್ನೂ ಇಪ್ಪತ್ತು ವರ್ಷ ತುಂಬಿರಲಿಲ್ಲ.

ನಗರದಲ್ಲಿ ಆಹಾರದ ಅಭಾವ ತೀವ್ರವಾಯಿತು. ಸಂಸ್ಥೆಯಲ್ಲಿ ಕೆಲಸ ಮಾಡುವವರು ಉಳಿಯಲಿಲ್ಲ. ಧ್ರುವ ಪರಿಶೋಧಕ ಫ್ರಿಟ್ಯೋಫ್ ನಾನ್ಸೆನ್ ಮತ್ತು ಸಮುದ್ರ ವಿಜ್ಞಾನಿ ಹೆಲಾಂಡ್ ಹಾನ್ಸೆನ್ ಅವರ ಪ್ರಯತ್ನದಿಂದ ನಾರ್ವೆಯ ಪಶ್ಚಿಮ ಕರಾವಳಿಯ ಬರ್ಗೆನ್ ಪಟ್ಟಣದಲ್ಲಿ ಅವರಿಗಾಗಿ ಸ್ಥಾನವೊಂದನ್ನು ಕಲ್ಪಿಸಲಾಯಿತು. 1917ರಲ್ಲಿ ತಮ್ಮ 55ನೇ ವಯಸ್ಸಿನಲ್ಲಿ, ದೊಡ್ಡ ಸಂಸ್ಥೆಯೊಂದನ್ನು ಬಿಟ್ಟು, ಅವರು ಬರ್ಗೆನ್ನಿಗೆ ಬಂದರು. ವರ್ಷಕ್ಕೆ 2000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ಅದು.

1918ರ ಬೇಸಿಗೆ

ನಾರ್ವೆಯು ಯುದ್ಧದಲ್ಲಿ ತಟಸ್ಥವಾಗಿತ್ತು. ಆದರೆ ಆ ದೇಶವು ಆಹಾರ ಧಾನ್ಯಕ್ಕೆ ಆಮದನ್ನೇ ನೆಚ್ಚಿಕೊಂಡಿತ್ತು. ಹಡಗುಗಳ ಸಂಚಾರಕ್ಕೆ ಅಡ್ಡಿಯಾದ್ದರಿಂದ ಧಾನ್ಯ ಬರುವುದು ಕಡಿಮೆಯಾಗಿ, 1918ರಲ್ಲಿ ಪಡಿತರ ಪದ್ಧತಿ ಜಾರಿಗೆ ಬಂದಿತು. ಇದ್ದ ಅಲ್ಪಸ್ವಲ್ಪ ಜಮೀನಿನಲ್ಲಿ ಬೆಳೆದದ್ದು ಮಳೆಗೆ ಸಿಕ್ಕಿ ಹಾಳಾಗದಂತೆ ಮನೆ ಸೇರುವುದು ಜೀವನ್ಮರಣದ ಪ್ರಶ್ನೆಯಾಯಿತು. ಹುಲ್ಲು ಮತ್ತು ಪೈರನ್ನು ಯಾವ ದಿನ ಕೊಯ್ಯಬೇಕು, ಯಾವ ದಿನ ಒಣಗಿಸಬೇಕು ಎಂಬುದು ರೈತರಿಗೆ ಮುಂಚಿತವಾಗಿ ತಿಳಿಯಬೇಕಿತ್ತು.

ಇದೇ ಸಮಯದಲ್ಲಿ ಮುನ್ಸೂಚನೆಯ ದಾರಿಯೇ ಮುಚ್ಚಿಹೋಗಿತ್ತು. ನಾರ್ವೆಗೆ ಹವಾಮಾನ ಬರುವುದು ಪಶ್ಚಿಮದಿಂದ, ಅಂದರೆ ಬ್ರಿಟನ್ ಮತ್ತು ಅಟ್ಲಾಂಟಿಕ್ ಸಾಗರದ ಕಡೆಯಿಂದ. ಯುದ್ಧದ ಕಾರಣ ಬ್ರಿಟನ್ ತನ್ನ ಹವಾಮಾನ ವರದಿಗಳನ್ನು ರಹಸ್ಯವಾಗಿರಿಸಿತ್ತು. ಸಮುದ್ರದಿಂದಲೂ ವರದಿಗಳು ಬರುತ್ತಿರಲಿಲ್ಲ. ಮುನ್ಸೂಚಕರ ನಕ್ಷೆಯ ಎಡಭಾಗ ಪೂರ್ತಿ ಖಾಲಿ.

ಬ್ಯೆರ್ಕ್‌ನೆಸ್ ಅವರು ಸರ್ಕಾರಕ್ಕೆ ಒಂದು ಪ್ರಸ್ತಾವನೆ ಸಲ್ಲಿಸಿದರು. ದೂರದ ವರದಿಗಳು ಸಿಗದಿದ್ದಲ್ಲಿ ಹತ್ತಿರದ ವರದಿಗಳನ್ನು ಹೆಚ್ಚಿಸಬೇಕು ಎಂಬುದು ಅದರ ಸಾರ. ಬೆರಳೆಣಿಕೆಯಷ್ಟಿದ್ದ ವೀಕ್ಷಣಾ ಕೇಂದ್ರಗಳನ್ನು ಸುಮಾರು ಹತ್ತು ಪಟ್ಟು ಹೆಚ್ಚಿಸಲು ಒಪ್ಪಿಗೆ ದೊರೆಯಿತು. ಅವರು ಸ್ವತಃ ಕರಾವಳಿಯುದ್ದಕ್ಕೂ ಸಂಚರಿಸಿ ವೀಕ್ಷಕರನ್ನು ಆರಿಸಿದರು. ದೀಪಸ್ತಂಭದ ಕಾವಲುಗಾರರು, ಮೀನುಗಾರರು, ರೈತರು ವೀಕ್ಷಕರಾದರು. ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ನೌಕಾಪಡೆಯು ಸ್ಥಾಪಿಸಿದ್ದ ಕಾವಲು ಠಾಣೆಗಳನ್ನೂ ಇದಕ್ಕೆ ಬಳಸಿಕೊಳ್ಳಲಾಯಿತು. ಕಡಲಿನ ಮೇಲೆ ಹುಟ್ಟು ನೋಟವಿದ್ದ ಈ ಜನರಿಂದ ಗಾಳಿಯ ದಿಕ್ಕು, ಮೋಡದ ರೂಪ, ಆಕಾಶದ ಚಹರೆ ಮುಂತಾದವನ್ನು ತಂತಿ ಮೂಲಕ ತರಿಸಲಾಗುತ್ತಿತ್ತು. ಬರ್ಗೆನ್ನಿನಲ್ಲಿ ಯಾಕೋಬ್, ಕ್ರಿಸ್ಟಿಯಾನಿಯಾದಲ್ಲಿ ಹಾಲ್ವೋರ್ ಸೋಲ್ಬರ್ಗ್ ಎಂಬ ತರುಣ, ಇಬ್ಬರೂ ನಕ್ಷೆ ತಯಾರಿಸಿ ರೈತರಿಗಾಗಿ ಮುನ್ಸೂಚನೆ ನೀಡತೊಡಗಿದರು. ಬರ್ಗೆನ್ನಿನ ಕಚೇರಿ ಬೇರೆಲ್ಲೂ ಇರಲಿಲ್ಲ. ಬ್ಯೆರ್ಕ್‌ನೆಸ್ ಕುಟುಂಬ ವಾಸವಾಗಿದ್ದ ಮನೆಯ ಮೇಲಂತಸ್ತಿನಲ್ಲಿಯೇ ಕೆಲಸ ನಡೆಯುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ವಾತಾವರಣವನ್ನು 7 ಸಮೀಕರಣಗಳಿಂದ ಲೆಕ್ಕ ಹಾಕಬೇಕೆಂಬುದು ಶ್ರೀಯುತರ ಜೀವಿತದ ಗುರಿಯಾಗಿತ್ತು. ಕೈಯಲ್ಲಿ ಅಂಕಿ ತುಂಬಿದ ನಕ್ಷೆ ಹಿಡಿದು ದಿನನಿತ್ಯದ ಮುನ್ಸೂಚನೆ ನೀಡುವ ಪದ್ಧತಿಯನ್ನು ಅವರು ವಿಜ್ಞಾನವೆಂದು ಪರಿಗಣಿಸಿದವರಲ್ಲ. ಹಸಿವಿನ ವರ್ಷದಲ್ಲಿ ಆ ಕೆಲಸವನ್ನೇ ಕೈಗೆತ್ತಿಕೊಳ್ಳಬೇಕಾಯಿತು. ಹೆಸರು ತಂದುಕೊಟ್ಟದ್ದೂ ಅದೇ.

ಮುಂಚೂಣಿಗಳ ಶೋಧ

ಕೇಂದ್ರಗಳು ದೂರ ದೂರವಿದ್ದಾಗ ನಕ್ಷೆಯ ಮೇಲೆ ಆವರ್ತ ಮಾರುತವು ಒಂದು ದುಂಡನೆಯ ವಾಯುಭಾರ ಕುಸಿತದಂತೆ ಮಾತ್ರ ಕಾಣುತ್ತಿತ್ತು. ಕೇಂದ್ರಗಳು ಹತ್ತಿರವಾದಾಗ ಅದು ದುಂಡಗಿಲ್ಲವೆಂಬುದು ತಿಳಿಯಿತು. ಮಧ್ಯಬಿಂದುವಿನಿಂದ ಎರಡು ಗೆರೆಗಳು ಹೊರಡುತ್ತಿದ್ದವು. ಗೆರೆಗಳ ನಡುವೆ ದಕ್ಷಿಣದಿಂದ ಬಂದ ಬೆಚ್ಚಗಿನ ಗಾಳಿ ನಾಲಗೆಯಂತೆ ಚಾಚಿಕೊಂಡಿತ್ತು. ಹೊರಗೆ ಎಲ್ಲ ಕಡೆ ತಣ್ಣನೆಯ ಗಾಳಿ. ಮಳೆ ಬೀಳುತ್ತಿದ್ದುದು ಬಹುಪಾಲು ಈ ಗೆರೆಗಳ ಆಸುಪಾಸಿನಲ್ಲಿ. ಯಾಕೋಬ್ ಬ್ಯೆರ್ಕ್‌ನೆಸ್ ಅವರು ಇದನ್ನು ಎಂಟು ಪುಟಗಳಷ್ಟೇ ಇದ್ದ ಲೇಖನವೊಂದರಲ್ಲಿ 1919ರಲ್ಲಿ ಪ್ರಕಟಿಸಿದರು. ಆಗ ಅವರ ವಯಸ್ಸು 21.

ಈ ಗೆರೆಗಳು ನಿಜವಾಗಿ ಗೆರೆಗಳಲ್ಲ, ಓರೆಯಾಗಿ ಮೇಲೇರುವ ಮೇಲ್ಮೈಗಳು ನೆಲವನ್ನು ತಾಗುವ ಸ್ಥಳಗಳು. ಗಾಳಿಯು ಹಲವು ದಿನ ಒಂದೇ ಬಗೆಯ ನೆಲ ಅಥವಾ ಸಮುದ್ರದ ಮೇಲೆ ನಿಂತಲ್ಲಿ ಅದರ ಗುಣವನ್ನೇ ಪಡೆಯುತ್ತದೆ. ಹಿಮ ಮುಚ್ಚಿದ ಸೈಬೀರಿಯದ ಮೇಲೆ ನಿಂತ ಗಾಳಿ ತಣ್ಣಗಾಗಿ ಒಣಗುತ್ತದೆ. ಉಷ್ಣವಲಯದ ಸಾಗರದ ಮೇಲೆ ನಿಂತ ಗಾಳಿ ಬೆಚ್ಚಗಾಗಿ ತೇವ ತುಂಬಿಕೊಳ್ಳುತ್ತದೆ. ಸಾವಿರಾರು ಕಿಲೋಮೀಟರ್ ಹರಡಿರುವ ಇಂತಹ ಏಕರೂಪದ ಗಾಳಿಯನ್ನು ವಾಯುರಾಶಿ ಎನ್ನಲಾಗುತ್ತದೆ. ಎರಡು ವಾಯುರಾಶಿಗಳು ಎದುರಾದಾಗ ಹಾಲು ನೀರಿನಂತೆ ಸುಲಭವಾಗಿ ಬೆರೆಯುವುದಿಲ್ಲ. ತಣ್ಣನೆಯದು ಭಾರವಾದ್ದರಿಂದ ಬೆಣೆಯಂತೆ ಕೆಳಗೆ ಉಳಿಯುತ್ತದೆ, ಬೆಚ್ಚಗಿನದು ಅದರ ಮೇಲೇರುತ್ತದೆ. ಮೇಲೇರಿದ ಗಾಳಿ ತಣಿದು, ತೇವ ಮೋಡವಾಗಿ, ಮಳೆಯಾಗುತ್ತದೆ.

ಬೆಚ್ಚಗಿನ ಗಾಳಿ ಮುಂದೊತ್ತಿ ಬರುವ ಗಡಿಯನ್ನು ಉಷ್ಣ ಮುಂಚೂಣಿ ಎಂದು ಕರೆಯಲಾಯಿತು. ಇದರ ಇಳಿಜಾರು ಬಹಳ ಕಡಿಮೆ. ಒಂದು ಕಿಲೋಮೀಟರ್ ಎತ್ತರಕ್ಕೆ ಏರಲು 100ರಿಂದ 200 ಕಿಲೋಮೀಟರ್ ದೂರ ಬೇಕು. ಆದ್ದರಿಂದ ಮೊದಲು ಅತಿ ಎತ್ತರದಲ್ಲಿ ಎಳೆ ಎಳೆಯಾದ ಮೋಡ, ನಂತರ ಸೂರ್ಯನನ್ನು ಮಂಕಾಗಿಸುವ ತೆಳು ಪರದೆ, ಕೊನೆಗೆ ದಟ್ಟ ಬೂದು ಮೋಡ ಬಂದು ಗಂಟೆಗಟ್ಟಲೆ ಒಂದೇ ಸಮನೆ ಮಳೆ ಸುರಿಯುತ್ತದೆ. ತಣ್ಣನೆಯ ಗಾಳಿ ನುಗ್ಗಿ ಬರುವ ಗಡಿ ಶೀತ ಮುಂಚೂಣಿ. ಇದರ ಇಳಿಜಾರು ಹೆಚ್ಚು, ವೇಗವೂ ಹೆಚ್ಚು. ಕಿರಿದಾದ ಪಟ್ಟಿಯಲ್ಲಿ ಬಿರುಗಾಳಿ, ಜೋರು ಮಳೆ ಬಂದು ಸ್ವಲ್ಪ ಹೊತ್ತಿನಲ್ಲಿಯೇ ಗಾಳಿಯ ದಿಕ್ಕು ತಿರುಗಿ, ಉಷ್ಣಾಂಶ ಇಳಿದು, ಆಕಾಶ ತೆರವಾಗುತ್ತದೆ. ದೋಣಿಯಲ್ಲಿರುವ ಮೀನುಗಾರನಿಗೆ ಅಪಾಯ ಹೆಚ್ಚಾಗಿರುವುದು ಈ ದಿಕ್ಕು ತಿರುಗುವ ಗಳಿಗೆಯಲ್ಲಿ. ಇಂಗ್ಲಿಷಿನಲ್ಲಿ ಫ್ರಂಟ್ ಎಂಬ ಪದವನ್ನು ಇದಕ್ಕೆ ಆರಿಸಿದ್ದು ಆಗಷ್ಟೇ ಮುಗಿದಿದ್ದ ಮಹಾಯುದ್ಧದ ನೆನಪಿನಿಂದ. ಎರಡು ಸೈನ್ಯಗಳು ಮುಖಾಮುಖಿಯಾಗಿ ನಿಂತ ಸಾಲಿನಂತೆಯೇ ಎರಡು ವಾಯುರಾಶಿಗಳ ಗಡಿಯೂ ಅವರಿಗೆ ಕಂಡಿತು. ಈ ಪುಟದಲ್ಲಿ ಅದೇ ಅರ್ಥದ ಮುಂಚೂಣಿ ಎಂಬ ಪದವನ್ನು ಬಳಸಲಾಗಿದೆ.

1919ರಲ್ಲಿ ಸ್ವೀಡನ್ನಿನಿಂದ ಬಂದು ಸೇರಿದ ಟೂರ್ ಬೆರ್ಯೆರಾನ್ ಅವರು, ಅದೇ ವರ್ಷದ ಕೊನೆಯ ಭಾಗದಲ್ಲಿ ನಕ್ಷೆಗಳನ್ನು ಪರಿಶೀಲಿಸುತ್ತಿದ್ದಾಗ, ವೇಗವಾದ ಶೀತ ಮುಂಚೂಣಿಯು ನಿಧಾನವಾದ ಉಷ್ಣ ಮುಂಚೂಣಿಯನ್ನು ಹಿಂದಿನಿಂದ ಬಂದು ಹಿಡಿದುಬಿಡುತ್ತದೆ ಎಂಬುದನ್ನು ಗುರುತಿಸಿದರು. ಆಗ ಬೆಚ್ಚಗಿನ ಗಾಳಿ ನೆಲವನ್ನು ಪೂರ್ತಿ ಬಿಟ್ಟು ಮೇಲಕ್ಕೆತ್ತಲ್ಪಡುತ್ತದೆ. ಅಲ್ಲಿಂದ ಮುಂದೆ ಬಿರುಗಾಳಿಗೆ ಶಕ್ತಿ ಒದಗಿಸುವ ಬಿಸಿ ತಂಪುಗಳ ವ್ಯತ್ಯಾಸ ಕೆಳಮಟ್ಟದಲ್ಲಿ ಉಳಿಯುವುದಿಲ್ಲ, ಮಾರುತ ಕ್ಷೀಣಿಸುತ್ತದೆ. ಹೀಗೆ ಆವರ್ತ ಮಾರುತಕ್ಕೆ ಹುಟ್ಟು, ಬೆಳವಣಿಗೆ, ಮುಪ್ಪು ಇರುವುದು ತಿಳಿಯಿತು. ಧ್ರುವದ ಗಾಳಿಗೂ ಉಷ್ಣವಲಯದ ಗಾಳಿಗೂ ನಡುವೆ ಉದ್ದಕ್ಕೂ ಹಬ್ಬಿರುವ ಗಡಿಯಲ್ಲಿ ಅಲೆಗಳೆದ್ದು, ಒಂದರ ಹಿಂದೊಂದರಂತೆ ಮಾರುತಗಳು ಸಾಗುತ್ತವೆ ಎಂಬ ಪೂರ್ಣ ಚಿತ್ರವನ್ನು ಯಾಕೋಬ್ ಮತ್ತು ಸೋಲ್ಬರ್ಗ್ ಅವರು 1922ರಲ್ಲಿ ಪ್ರಕಟಿಸಿದರು. ವಾಯುರಾಶಿಗಳನ್ನು ಅವು ಹುಟ್ಟಿದ ಸ್ಥಳದ ಮೇಲೆ ವರ್ಗೀಕರಿಸುವ ಕ್ರಮವನ್ನು ಬೆರ್ಯೆರಾನ್ 1928ರಲ್ಲಿ ನೀಡಿದರು. ತಣ್ಣನೆಯ ಮೋಡದಲ್ಲಿ ಮಂಜುಗಡ್ಡೆಯ ಹರಳುಗಳು ನೀರಹನಿಗಳ ತೇವವನ್ನು ಸೆಳೆದು ಬೆಳೆದು ಮಳೆಯಾಗುವ ಕ್ರಮವನ್ನು ವಿವರಿಸಿದವರೂ ಇವರೇ. ಸಿಲ್ವರ್ ಅಯೋಡೈಡ್ ಸಿಂಪಡಿಸಿ ಮೋಡ ಬಿತ್ತನೆ ಮಾಡುವುದರ ಹಿಂದಿರುವುದು ಇದೇ ತತ್ತ್ವ. ಕರ್ನಾಟಕದಲ್ಲಿ 2003ರ ವರುಣ ಹಾಗೂ 2017ರ ವರ್ಷಧಾರೆ ಯೋಜನೆಗಳಡಿ ಮೋಡ ಬಿತ್ತನೆ ನಡೆದುದು ಓದುಗರಿಗೆ ನೆನಪಿರಬಹುದು.

ಈ ವಿವರಣೆಗೆ ಪೂರ್ವಸೂರಿಗಳು ಇರಲಿಲ್ಲವೆಂದಲ್ಲ. ತಂಪು ಮತ್ತು ಬಿಸಿ ಗಾಳಿಗಳು ಅಕ್ಕಪಕ್ಕ ನಿಂತಾಗ ಅಡಗಿರುವ ಶಕ್ತಿಯೇ ಬಿರುಗಾಳಿಯ ಮೂಲ ಎಂದು ವಿಯೆನ್ನಾದ ಮ್ಯಾಕ್ಸ್ ಮಾರ್ಗ್ಯೂಲ್ಸ್ ಅವರು ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿಯೇ ಲೆಕ್ಕ ಹಾಕಿದ್ದರು. ಮನ್ನಣೆ ದೊರೆಯದೆ 1906ರಲ್ಲಿ ಅವರು ಕೆಲಸದಿಂದ ನಿವೃತ್ತರಾದರು. ಯುದ್ಧಾನಂತರದ ಆಸ್ಟ್ರಿಯಾದಲ್ಲಿ 1920ರಲ್ಲಿ ಅವರು ಹಸಿವಿನಿಂದ ಮೃತಪಟ್ಟರು.

ನಮ್ಮ ರಾಜ್ಯಕ್ಕೆ ಅನ್ವಯಿಸುವ ವಿಚಾರ

ಮೇಲ್ಕಂಡ ಮುಂಚೂಣಿಗಳು ಸಮಶೀತೋಷ್ಣ ವಲಯಕ್ಕೆ ಸೇರಿದವು. ಉಷ್ಣವಲಯದಲ್ಲಿ ಒಂದು ಕಡೆಯ ಗಾಳಿಗೂ ಮತ್ತೊಂದು ಕಡೆಯ ಗಾಳಿಗೂ ಉಷ್ಣಾಂಶದ ಅಂತರ ಕಡಿಮೆ. ಮುಂಗಾರಿಗೂ ಮುಂಚೂಣಿಯ ಕಲ್ಪನೆಯನ್ನು ಅನ್ವಯಿಸಲು ಹಿಂದೆ ಪ್ರಯತ್ನಗಳು ನಡೆದವಾದರೂ ಅದು ಹೊಂದಿಕೆಯಾಗದೆ, ಗಾಳಿಗಳು ಕೂಡುವ ವಲಯ ಎಂಬ ಬೇರೆ ಕಲ್ಪನೆ ಬಳಕೆಗೆ ಬಂದಿತು. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಬಂದು ಹಿಮಾಲಯಕ್ಕೆ ಹಿಮವನ್ನೂ ಪಂಜಾಬಿನ ಗೋಧಿಗೆ ಮಳೆಯನ್ನೂ ತರುವ ಪಶ್ಚಿಮದ ಮಾರುತಗಳು ಮಾತ್ರ ಈ ಕುಟುಂಬಕ್ಕೆ ಹತ್ತಿರವಾದವು. ಕರ್ನಾಟಕದ ಒಳನಾಡಿನಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸಮುದ್ರದ ಕಡೆಯ ತೇವದ ಗಾಳಿಯೂ ಒಣ ನೆಲದ ಗಾಳಿಯೂ ಕೂಡುವ ಉತ್ತರ ದಕ್ಷಿಣ ಗೆರೆಯೊಂದು ಹವಾಮಾನ ಇಲಾಖೆಯ ವರದಿಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಆ ಗೆರೆಯ ಆಸುಪಾಸಿನಲ್ಲಿ ಸಂಜೆ ಗುಡುಗು ಮಳೆಯಾಗುತ್ತದೆ. ಇದು ಬ್ಯೆರ್ಕ್‌ನೆಸ್ ಅವರ ಅರ್ಥದ ಮುಂಚೂಣಿಯಲ್ಲ, ಏಕೆಂದರೆ ಇಲ್ಲಿ ಮುಖ್ಯವಾಗಿರುವುದು ತೇವದ ವ್ಯತ್ಯಾಸ. ಗುಡುಗು ಮೋಡವೊಂದರ ಅಗಲ ಕೆಲವೇ ಕಿಲೋಮೀಟರ್. ಒಂದು ಹೋಬಳಿಯಲ್ಲಿ ಹಳ್ಳ ತುಂಬಿ ಹರಿದು ಪಕ್ಕದ ಹೋಬಳಿಯಲ್ಲಿ ಧೂಳೆದ್ದಿರುವುದಕ್ಕೆ ಕಾರಣ ಇದು. ಅಳತೆಯ ಕೇಂದ್ರಗಳ ನಡುವಿನ ಅಂತರಕ್ಕಿಂತ ಚಿಕ್ಕದಾದುದು ನಕ್ಷೆಯಲ್ಲಿ ಕಾಣಿಸುವುದಿಲ್ಲ ಎಂಬುದು 1918ರಲ್ಲಿ ನಾರ್ವೆಗೆ ಎಷ್ಟು ನಿಜವೋ ಇಲ್ಲಿಗೂ ಅಷ್ಟೇ ನಿಜ.

ನಂತರದ ವರ್ಷಗಳು

ಬರ್ಗೆನ್ನಿನ ಪದ್ಧತಿಯನ್ನು ಇತರ ದೇಶಗಳು ಕೂಡಲೇ ಒಪ್ಪಿಕೊಳ್ಳಲಿಲ್ಲ. ದೊಡ್ಡ ಇಲಾಖೆಗಳು ತಮ್ಮ ಹಳೆಯ ನಕ್ಷೆಗಳನ್ನು ಬದಲಿಸಲು ಹಿಂಜರಿದವು. ಬ್ಯೆರ್ಕ್‌ನೆಸ್ ಅವರ ಶಿಷ್ಯರು ಹೋದಲ್ಲೆಲ್ಲ ಅದು ಹರಡಿತು. 1926ರಲ್ಲಿ ಅಮೆರಿಕಕ್ಕೆ ತೆರಳಿದ ಕಾರ್ಲ್ ಗುಸ್ತಾಫ್ ರಾಸ್ಬಿ ಅವರ ಪ್ರಯತ್ನದ ಫಲವಾಗಿ ಅಲ್ಲಿನ ಹವಾಮಾನ ಇಲಾಖೆ 1930ರ ದಶಕದಲ್ಲಿ ಅದನ್ನು ಅಳವಡಿಸಿಕೊಂಡಿತು. ವಿಮಾನ ಸಂಚಾರ ಬೆಳೆದಂತೆ ಮೋಡದ ಗಡಿಗಳನ್ನು ಗುರುತಿಸುವ ಅಗತ್ಯವೂ ಬೆಳೆದಿತ್ತು. ಉಪಗ್ರಹ ಮತ್ತು ಮೇಲ್ಮಟ್ಟದ ವೀಕ್ಷಣೆಗಳು ಬಂದ ನಂತರ ಬರ್ಗೆನ್ನಿನ ಚಿತ್ರದಲ್ಲಿ ಅನೇಕ ತಿದ್ದುಪಡಿಗಳಾಗಿವೆ. ಎಲ್ಲ ಮಾರುತಗಳೂ ಆ ರೀತಿಯಲ್ಲಿಯೇ ಮುಗಿಯುವುದಿಲ್ಲವೆಂದೂ, ಎತ್ತರದ ವೇಗದ ಗಾಳಿಯ ಪಾತ್ರ ದೊಡ್ಡದೆಂದೂ ತಿಳಿದುಬಂದಿದೆ. ಆದರೂ ಹಲವು ದೇಶಗಳ ದಿನನಿತ್ಯದ ನಕ್ಷೆಗಳಲ್ಲಿ ನೀಲಿ ಹಾಗೂ ಕೆಂಪು ಗೆರೆಗಳು ಉಳಿದುಕೊಂಡಿವೆ.

ಬ್ಯೆರ್ಕ್‌ನೆಸ್ ಅವರು 1926ರಲ್ಲಿ ಓಸ್ಲೋಗೆ ಮರಳಿ ಪ್ರಾಧ್ಯಾಪಕರಾಗಿ, 1932ರಲ್ಲಿ ನಿವೃತ್ತರಾದರು. 1933ರಲ್ಲಿ ಮಗ ಮತ್ತು ಶಿಷ್ಯರೊಂದಿಗೆ ಬರೆದ ದೊಡ್ಡ ಗ್ರಂಥವೊಂದು ಜರ್ಮನ್ ಭಾಷೆಯಲ್ಲಿ ಹೊರಬಂದಿತು. ನೊಬೆಲ್ ಪ್ರಶಸ್ತಿಗೆ ಅವರ ಹೆಸರು ಹಲವು ಬಾರಿ ಸೂಚಿತವಾದರೂ ಪ್ರಶಸ್ತಿ ದೊರೆಯಲಿಲ್ಲ.

ಅವರ 1904ರ ಯೋಜನೆಯನ್ನು ಮೊದಲು ಪ್ರಯೋಗಕ್ಕೆ ತಂದವರು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್. ಯುದ್ಧದಲ್ಲಿ ಆಂಬ್ಯುಲೆನ್ಸ್ ಚಾಲಕರಾಗಿದ್ದಾಗ ಅವರು ಕೈಯಿಂದಲೇ ಲೆಕ್ಕ ಹಾಕಿ 6 ಗಂಟೆಗಳ ಬದಲಾವಣೆಯನ್ನು ಕಂಡುಹಿಡಿಯಲು ಯತ್ನಿಸಿದರು. ಒತ್ತಡವು ಹೆಚ್ಚುಕಡಿಮೆ ಸ್ಥಿರವಾಗಿದ್ದ ಸ್ಥಳದಲ್ಲಿ 145 ಮಿಲಿಬಾರ್ ಏರುವುದೆಂದು ಉತ್ತರ ಬಂದಿತು. ಆರಂಭ ಶಿಲ್ಕಿನಲ್ಲಿದ್ದ ಸಣ್ಣ ತಪ್ಪುಗಳೇ ಇದಕ್ಕೆ ಕಾರಣವೆಂದು ನಂತರ ತಿಳಿಯಿತು. 1922ರಲ್ಲಿ ಅವರು ಈ ವಿಫಲ ಲೆಕ್ಕವನ್ನು ಮುಚ್ಚಿಡದೆ ಪುಸ್ತಕದಲ್ಲಿ ಪೂರ್ತಿಯಾಗಿ ಪ್ರಕಟಿಸಿದರು. 1950ರಲ್ಲಿ ಅಮೆರಿಕದ ಎನಿಯಾಕ್ ಗಣಕಯಂತ್ರದ ಮೇಲೆ ಚಾರ್ನಿ, ವಾನ್ ನ್ಯೂಮನ್ ಮತ್ತು ನಾರ್ವೆಯವರೇ ಆದ ರಾಗ್ನರ್ ಫ್ಯೊರ್ಟಾಫ್ಟ್ ಅವರು ಮೊದಲ ಬಾರಿಗೆ ನಂಬಬಹುದಾದ ಲೆಕ್ಕ ಮಾಡಿದರು. ನಾಳಿನ ಹವಾಮಾನದ ಲೆಕ್ಕಕ್ಕೆ ಸುಮಾರು 24 ಗಂಟೆಗಳೇ ಹಿಡಿದವು. ಆ ಲೆಕ್ಕದಲ್ಲಿ ಬಳಸಿದ್ದು 7 ಸಮೀಕರಣಗಳಲ್ಲ, ಬಹಳ ಸರಳಗೊಳಿಸಿದ ಒಂದೇ ಸಮೀಕರಣ. ಅದರಲ್ಲಿ ಮುಂಚೂಣಿಗಳಿಗೆ ಜಾಗವೇ ಇರಲಿಲ್ಲ. ಬೆಂಗಳೂರಿನ ಎನ್.ಎ.ಎಲ್. ಸಂಸ್ಥೆಯು 1986ರಲ್ಲಿ ರೂಪಿಸಿದ ಫ್ಲೋಸಾಲ್ವರ್ ಗಣಕಯಂತ್ರದ ಮುಂದಿನ ಆವೃತ್ತಿಗಳನ್ನು ಹವಾಮಾನದ ಲೆಕ್ಕಕ್ಕೂ ಬಳಸಲಾಯಿತು.

ಎನಿಯಾಕ್ ಲೆಕ್ಕ ನಡೆದಾಗ ಬ್ಯೆರ್ಕ್‌ನೆಸ್ ಅವರಿಗೆ 88 ವರ್ಷ. ದಿನಾಂಕ 9 ಏಪ್ರಿಲ್ 1951ರಂದು ಓಸ್ಲೋ ನಗರದಲ್ಲಿ ಅವರು ನಿಧನರಾದರು.

ಮಗ ಯಾಕೋಬ್ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದರು. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಅವರು ಮುಂಗಾರನ್ನು ಮುಂಚಿತವಾಗಿ ತಿಳಿಯಲು ಪ್ರಪಂಚದ ಅಂಕಿ ಅಂಶಗಳನ್ನು ಜಾಲಾಡುತ್ತಿದ್ದಾಗ, ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರವು ತಕ್ಕಡಿಯಂತೆ ಏರಿಳಿಯುವುದನ್ನು ಕಂಡಿದ್ದರು. ಅದಕ್ಕೂ ಪೆಸಿಫಿಕ್ ಸಾಗರದ ನೀರು ಬಿಸಿಯಾಗುವ ಎಲ್ ನಿನೋ ವಿದ್ಯಮಾನಕ್ಕೂ ಇರುವ ಸಂಬಂಧವನ್ನು ಯಾಕೋಬ್ ಅವರು 1969ರಲ್ಲಿ ವಿವರಿಸಿ, ಆ ಗಾಳಿಯ ಚಕ್ರಕ್ಕೆ ವಾಕರ್ ಅವರ ಹೆಸರನ್ನೇ ಇಟ್ಟರು. ಎಲ್ ನಿನೋ ವರ್ಷಗಳಲ್ಲಿ ಮುಂಗಾರು ದುರ್ಬಲವಾಗುವ ಸಂಭವ ಹೆಚ್ಚು ಎಂದು ಪ್ರತಿ ವರ್ಷ ವೃತ್ತಪತ್ರಿಕೆಗಳಲ್ಲಿ ಓದುವ ಸುದ್ದಿಯ ಮೂಲ ಇದೇ ಆಗಿದೆ. ಯಾಕೋಬ್ ಬ್ಯೆರ್ಕ್‌ನೆಸ್ ಅವರು 1975ರಲ್ಲಿ ನಿಧನರಾದರು.

ವಿ.ಸೂ. : ಮೇಲಿನ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ನೀಡಲಾಗಿದೆ. ಮಳೆ ಪ್ರಮಾಣಕ್ಕೆ ಸಂಬಂಧಿಸಿದ ಯಾವುದೇ ಅರ್ಜಿ ಅಥವಾ ಮೇಲ್ಮನವಿಯೊಂದಿಗೆ ಈ ಪುಟದ ಪ್ರತಿಯನ್ನು ಆಧಾರವಾಗಿ ಲಗತ್ತಿಸುವ ಅಗತ್ಯವಿರುವುದಿಲ್ಲ.